ವಾಂತಿ ಕವರಿನ ವಾರಸುದಾರ

ಹೋದ ತಿಂಗಳು ಗೆಳೆಯನೊಬ್ಬನ ನಿಶ್ಚಿತಾರ್ಥಕ್ಕೆ ಹೋಗಿದ್ದೆ. ಫೋಟೊಗೆ ನಿಲ್ಲುವ ಮುಂಚೆ ಮುಖ ಒರೆಸಿಕೊಳ್ಳೋಣ ಎಂದು ಜೇಬಿನಿಂದ ಕರ್ಚೀಫು ಎಳೆದರೆ, ಅದರ ಜೊತೆಗೆ ಸಮೋಸದ ಹಾಗೆ ಮಡಚಿಟ್ಟ ಪ್ಲಾಸ್ಟಿಕ್ ಕವರುಗಳು ಬುಳಬುಳನೆ ಉದುರಿ ಹುಡುಗಿಯ ಅಪ್ಪನ ಕಾಲಬುಡದಲ್ಲಿ ಬಿದ್ದವು.

“ಏನ್ ಮಗಾ, ಊಟಕ್ಕೆ ಮುಂಚೆನೇ ಪಾರ್ಸಲ್ ರೆಡಿನಾ?” ಎಂದ ಗೆಳೆಯ.

ಹುಡುಗಿಯ ಅಪ್ಪ ದೊಡ್ಡ ಮನುಷ್ಯರು. “ಇರ್ಲಿ ಬಿಡಪ್ಪಾ, ಲಾಡು ಜಾಸ್ತಿನೇ ಮಾಡ್ಸಿದೀವಿ” ಎಂದರು.

ಶುಭಕಾರ್ಯದ ಮಧ್ಯೆ ನಿಂತು “ಸಾರ್, ಇವು ಲಾಡು ಕವರಲ್ಲ, ವಾಂತಿ ಕವರು” ಎಂದು ಹೇಳಲಾಗುತ್ತದೆಯೇ? ಹಲ್ಲು ಕಿರಿದು ಎತ್ತಿ ಜೇಬಿಗೆ ಹಾಕಿಕೊಂಡೆ. ಹೊರಡುವಾಗ ಆ ಪುಣ್ಯಾತ್ಮರು ನೆನಪಿಟ್ಟುಕೊಂಡು ಕರೆದರು. ಕವರು ಬಿಚ್ಚಿ ಲಾಡು ಹಾಕಿಸಿಕೊಂಡೆ. ಮರ್ಯಾದೆ ಹೇಗೂ ಹೋಗಿತ್ತು, ಲಾಡು ಯಾಕೆ ಹೋಗಬೇಕು?

ಈ ಕವರುಗಳು ನನ್ನ ಜೇಬು ಸೇರಿದ ಕತೆ ಹೇಳಬೇಕಾದರೆ ಮೊದಲು ನನ್ನ ಪ್ರತಿಭೆಯ ಬಗ್ಗೆ ಹೇಳಬೇಕು. ವಾಂತಿಯಲ್ಲಿ ನಾನು ಹುಟ್ಟು ಕಲಾವಿದ. ಚಿಕ್ಕವನಿದ್ದಾಗ ನನಗೆ ಬಸ್ಸು ಓಡಬೇಕಾಗಿಯೂ ಇರಲಿಲ್ಲ. ಡ್ರೈವರು ಸ್ಟಾರ್ಟ್ ಮಾಡಿದ ಸದ್ದಿಗೇ ಬಾಯಲ್ಲಿ ನೀರು ಬರುತ್ತಿತ್ತು. ನಮ್ಮ ಬೀದಿಯವರು ನನ್ನನ್ನು ಬಸ್ ಸ್ಟಾಪಿನಲ್ಲಿ ಕಂಡರೆ ಮುಂದಿನ ಬಸ್ಸಿಗೆ ಕಾಯುತ್ತಿದ್ದರು. ಒಮ್ಮೆ ಒಬ್ಬ ಕಂಡಕ್ಟರು ನನ್ನ ಮುಖ ನೋಡಿಯೇ ರೈಟ್ ಕೊಟ್ಟುಬಿಟ್ಟ ಎಂದು ಅಕ್ಕ ಹೇಳುತ್ತಿದ್ದಳು. ಅದು ಸುಳ್ಳಿರಬಹುದು. ಅಕ್ಕ ನನ್ನ ವಿಷಯದಲ್ಲಿ ಸುಳ್ಳು ಹೇಳುವುದಕ್ಕೆ ಎಂದೂ ಬೇಸರಪಟ್ಟವಳಲ್ಲ.

ನಮ್ಮ ಮನೆ ಮಾಗಡಿ ರಸ್ತೆ ಟೋಲ್‌ಗೇಟಿನ ಹಿಂದೆ, ರಾಜಾಜಿನಗರದ ಅಂಚಿನಲ್ಲಿ. ಅಮ್ಮನ ತವರು ಅದೇ ರಸ್ತೆಯಲ್ಲಿ ಮಾಗಡಿಯ ಹತ್ತಿರ. ಅಪ್ಪ ನಾನು ಅಂಬೆಗಾಲಿಡುವ ಹೊತ್ತಿಗೇ ತೀರಿಕೊಂಡಿದ್ದರು. ಅಮ್ಮನಿಗೆ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ, ರಜೆ ಸಿಗುವುದು ಕಷ್ಟ. ಹಾಗಾಗಿ ನನಗೆ ಶಾಲೆ ರಜೆ ಬಂತೆಂದರೆ ನನ್ನನ್ನು ಅಜ್ಜಿಯ ಊರಿಗೆ ಸಾಗಿಸುವ ಕೆಲಸ ಅಕ್ಕನದು. ಅವಳಾಗ ಎರಡು ಜಡೆಯ ಹೈಸ್ಕೂಲು ಹುಡುಗಿ. ಹಿಂದಿನ ದಿನವೇ ಮನೆಯ ಕವರುಗಳನ್ನೆಲ್ಲ ಹರಡಿಕೊಂಡು, ಊದಿ, ತೂತಿದೆಯೇ ಎಂದು ನೋಡಿ, ಸಮೋಸ ಮಡಚಿ ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಳು. ಜೊತೆಗೆ ಒಂದು ನಿಂಬೆಹಣ್ಣು.

ಬಸ್ಸಿನಲ್ಲಿ ಅಕ್ಕ ಬೇರೆಯೇ ಹುಡುಗಿ. ಮನೆಯಲ್ಲಿ ಬಾಯಿ ಮುಚ್ಚದವಳು ಅಲ್ಲಿ ಕಂಬದ ಹಾಗೆ ನೆಟ್ಟಗೆ ಕೂರುತ್ತಿದ್ದಳು. ಪಕ್ಕದವರು ಮಾತಾಡಿಸಿದರೂ ಕತ್ತು ತಿರುಗಿಸುತ್ತಿರಲಿಲ್ಲ. ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಪರೀಕ್ಷೆ ಶುರು ಮಾಡುವಳು.

“ಈಗ ಯಾವ ಸ್ಟಾಪ್ ಬರುತ್ತೋ?”

“ಹೌಸಿಂಗ್ ಬೋರ್ಡು.”

“ಆಮೇಲೆ?”

“ಕಾಮಾಕ್ಷಿಪಾಳ್ಯ. ಅಮ್ಮನ ಗಾರ್ಮೆಂಟ್ಸು. ಅಕ್ಕಾ, ಬರ್ತಾ ಇದೆ.”

“ಸ್ಟಾಪಾ, ವಾಂತಿನಾ?”

“ವಾಂತಿ.”

“ಸುಮ್ನಹಳ್ಳಿವರೆಗೂ ತಡ್ಕೋ ಕಣೋ. ಆಮೇಲೆ ಎಷ್ಟ್ ಬೇಕಾದ್ರೂ ಮಾಡ್ಕೋ.”

ಸುಮನಹಳ್ಳಿ ಬಂದರೆ ಸುಂಕದಕಟ್ಟೆ ಎನ್ನುವಳು. ಸುಂಕದಕಟ್ಟೆ ಬಂದರೆ ಹೇರೋಹಳ್ಳಿ ಕ್ರಾಸು. ನಮ್ಮ ಬೀದಿಯ ಡಾಂಬರನ್ನು ಮುಂದೂಡಿದಂತೆ ನನ್ನ ವಾಂತಿಯನ್ನು ಮುಂದೂಡುತ್ತಾ ಹೋಗುವಳು. ಎಷ್ಟೋ ಸಲ ಊರೇ ಬಂದುಬಿಡುತ್ತಿತ್ತು. ಇಳಿದ ಮೇಲೆ, ಇಷ್ಟು ಕಷ್ಟಪಟ್ಟು ತಡೆದದ್ದು ದಂಡವಾಯಿತಲ್ಲ ಎಂದು ನನಗೆ ಬೇಜಾರಾಗುತ್ತಿತ್ತು.

ಅವಳ ಬಗ್ಗೆ ನನಗಿದ್ದ ಒಂದೇ ದೂರು ನಿಂಬೆಹಣ್ಣಿನದು. ಉಗುರಿನಿಂದ ಸಿಪ್ಪೆ ಗೀರಿ ಮೊದಲು ತಾನು ಮೂಸುತ್ತಿದ್ದಳು, ಅದೂ ಕಣ್ಣು ಮುಚ್ಚಿಕೊಂಡು, ನಿಧಾನಕ್ಕೆ. ಆಮೇಲೆ ನನಗೆ ಕೊಡುವಳು. ರೋಗಿ ನಾನು, ಔಷಧಿ ಮೊದಲು ಅವಳಿಗೆ! “ಜಿಪುಣಿ” ಎಂದು ಬಯ್ಯುತ್ತಿದ್ದೆ. “ಹೌದು ಕಣೋ” ಎಂದು ಇನ್ನೊಮ್ಮೆ ಮೂಸುತ್ತಿದ್ದಳು.

ಅಕ್ಕನನ್ನು ಹೇರೋಹಳ್ಳಿಗೇ ಮದುವೆ ಮಾಡಿಕೊಟ್ಟೆವು. ಹಳೇ ಊರಿನ ಒಕ್ಕಲು ಮನೆತನ, ಹೊಲ ಇದ್ದ ಕಡೆ ಈಗ ಬಾಡಿಗೆ ಮನೆಗಳು, ಬಾಗಿಲಲ್ಲಿ ಕಾರು. “ನೋಡೋ, ನಿನ್ನ ವಾಂತಿ ಸ್ಟಾಪಲ್ಲೇ ನನ್ನ ಇಳಿಸಿಬಿಟ್ರಿ” ಎಂದು ಮದುವೆಯ ದಿನ ಕಿವಿಯಲ್ಲಿ ಹೇಳಿ ನಕ್ಕಳು. ಹೋದ ವರ್ಷ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಎಲ್ಲರಿಗೂ ಬರುವ ಜ್ವರವೇ. ಎಲ್ಲರಿಗೂ ಬಿಡುತ್ತದೆ, ಅವಳಿಗೆ ಬಿಡಲಿಲ್ಲ. ವಾರ ತುಂಬುವುದರೊಳಗೆ ಅಕ್ಕ ಇರಲಿಲ್ಲ.

ಈ ಸಾಲುಗಳನ್ನು ಬೇಗ ಬರೆದು ಮುಗಿಸಿದ್ದೇನೆ. ಇಲ್ಲಿ ತಮಾಷೆ ಮಾಡಲು ನನಗೆ ಬರುವುದಿಲ್ಲ.

ಅವಳ ಮಗಳು ಇಂಚರ. ಈಗ ಎಲ್‌ಕೆಜಿ. ಅಕ್ಕನ ಮೂಗು, ಅಕ್ಕನ ಬಾಯಿ. ಬಾಯಿ ಎಂದರೆ ಆಕಾರವಲ್ಲ, ಮಾತು. ಅಮ್ಮ ಆ ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ಬಂದವಳು ಮತ್ತೆ ಹೇರೋಹಳ್ಳಿಯ ಕಡೆ ತಲೆ ಹಾಕಲಿಲ್ಲ. “ಆ ಹೊಸ್ಲು ದಾಟಕ್ಕೆ ನನ್ ಕೈಲಾಗಲ್ಲ ಕಣೋ” ಎಂದಳು. ಅದಕ್ಕೇ ಭಾನುವಾರ ಬೆಳಗ್ಗೆ ನಾನು ಹೋಗಿ ಮಗುವನ್ನು ಕರೆದುಕೊಂಡು ಬರುವುದು, ಸಂಜೆ ಬಿಟ್ಟು ಬರುವುದು ಎಂದಾಯಿತು. ಅಮ್ಮನ ವಾರಕ್ಕೆ ಇದ್ದದ್ದು ಆ ಒಂದೇ ದಿನ. ಶನಿವಾರದಿಂದಲೇ ಅಕ್ಕಿ ರುಬ್ಬುತ್ತಿದ್ದಳು. ಭಾನುವಾರ ಮೆಟ್ಟಿಲ ಮೇಲೆ ಕೂತು ಬೀದಿಯ ತಿರುವನ್ನೇ ನೋಡುತ್ತಿದ್ದಳು.

ಮೊದಲನೇ ಭಾನುವಾರವೇ ಕೊಟ್ಟಿಗೆಪಾಳ್ಯ ದಾಟುವ ಮುಂಚೆ ಇಂಚರ ನನ್ನ ಇಸ್ತ್ರಿ ಮಾಡಿದ ಶರ್ಟಿನ ಮೇಲೆ ತಾನು ನಮ್ಮ ಮನೆತನದವಳೆಂದು ಸಾಬೀತು ಮಾಡಿದಳು.

ಆಹಾ, ಇದು ನನ್ನ ಸಬ್ಜೆಕ್ಟು ಎಂದುಕೊಂಡೆ. ಇಪ್ಪತ್ತು ವರ್ಷದ ಅನುಭವ ಯಾರಿಗಿದೆ? ಮುಂದಿನ ವಾರ ಯಾರೋ ಹೇಳಿದರೆಂದು ಸೀಟಿನ ಮೇಲೆ ಪೇಪರು ಹಾಸಿ ಕೂರಿಸಿದೆ. ಅವಳು ತೊಡೆಗಳ ಮಧ್ಯೆ ಕಾಣುತ್ತಿದ್ದ ಚಿತ್ರಗಳನ್ನು ಬಗ್ಗಿ ಬಗ್ಗಿ ನೋಡಿ, ಒಬ್ಬ ಮಂತ್ರಿಯ ಮುಖದ ಮೇಲೆ ವಾಂತಿ ಮಾಡಿದಳು. ಹಿಂದೆ ಕೂತಿದ್ದ ತಾತ “ಭೇಷ್” ಎಂದರು. ಇನ್ನೊಂದು ವಾರ ಹೊಕ್ಕುಳಿಗೆ ಬ್ಯಾಂಡೇಜು ಅಂಟಿಸಿದೆ. ಅವಳಿಗೆ ಕಚಗುಳಿಯಾಗಿ ನಕ್ಕೂ ನಕ್ಕೂ ವಾಂತಿ. ಖಾಲಿ ಹೊಟ್ಟೆಯದೇ ತಪ್ಪೆಂದು ಮಸಾಲೆ ದೋಸೆ ತಿನ್ನಿಸಿ ಹತ್ತಿಸಿದೆ. ಅದರ ಫಲವನ್ನು ವರ್ಣಿಸುವುದಿಲ್ಲ, ನೀವು ಏನಾದರೂ ತಿಂದಿರಬಹುದು. ಗಮನ ಬೇರೆ ಕಡೆ ಹೋಗಲಿ ಎಂದು ಮೊಬೈಲಿನಲ್ಲಿ ಕಾರ್ಟೂನು ಹಾಕಿ ಕೊಟ್ಟೆ. ಆ ಮೊಬೈಲಿನ ಸ್ಪೀಕರಿನಲ್ಲಿ ಇವತ್ತಿಗೂ ಜನ ನೀರೊಳಗಿಂದ ಮಾತಾಡುತ್ತಾರೆ.

ಬೇರೆ ವಾಹನಗಳ ಕತೆಯೂ ಅಷ್ಟೆ. ಭಾವ ಒಂದು ಸಲ ಕಾರಿನಲ್ಲಿ ಬಿಟ್ಟರು. ಮುಚ್ಚಿದ ಕಿಟಕಿ, ಎ.ಸಿ., ಜೊತೆಗೆ ಮಲ್ಲಿಗೆ ವಾಸನೆಯ ಸೆಂಟಿನ ಬಾಟಲಿ. ಗೇಟು ದಾಟುವ ಮುಂಚೆಯೇ ಆಯಿತು. ನನ್ನ ಸ್ಕೂಟರಿನಲ್ಲಿ ನಿಂತುಕೊಂಡವಳು ಸಿಗ್ನಲ್ಲಿನಲ್ಲಿ ನಿದ್ದೆ ಹೋಗಿ ವಾಲಿದಳು, ಅದಕ್ಕೂ ಮಂಗಳ ಹಾಡಿದೆವು. ಮೆಟ್ರೊ ಬರುತ್ತದೆ ಎನ್ನುತ್ತಾರೆ. ಹೇರೋಹಳ್ಳಿಗೆ ಬರುವ ಹೊತ್ತಿಗೆ ಇಂಚರ ತನ್ನ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದು.

ಅಕ್ಕನ ಆಟವನ್ನೂ ಆಡಿಸಿದೆ. ಕಿವಿ ಹತ್ತಿರ ಬಗ್ಗಿ, ಅವಳದೇ ಧಾಟಿಯಲ್ಲಿ ಕೇಳಿದೆ: “ಈಗ ಏನು ಬರುತ್ತೆ ಹೇಳು ಪುಟ್ಟಾ?”

“ವಾಂತಿ.”

ಬಂತು.

ಅಕ್ಕ ಮಾಡಿದ್ದನ್ನೇ ಮಾಡುತ್ತಿದ್ದೇನೆ, ಅದೇ ರಸ್ತೆ, ಅವೇ ಸ್ಟಾಪುಗಳು, ಅದೇ ಮಡಚಿದ ಕವರು. ನನಗೆ ತಡೆಯುತ್ತಿದ್ದದ್ದು ಮಗುವಿಗೆ ಯಾಕೆ ತಡೆಯುತ್ತಿಲ್ಲ ಎಂದು ತಲೆ ಕೆಡಿಸಿಕೊಂಡೆ. ಅಕ್ಕನ ಕೈಯಲ್ಲೇ ಏನೋ ಇತ್ತು, ಅದು ಅವಳ ಜೊತೆಗೇ ಹೋಯಿತು ಎಂದು ಕೊನೆಗೆ ನನಗೆ ನಾನೇ ಹೇಳಿಕೊಂಡೆ.

ಹೀಗಿರುವಾಗ ಒಂದು ಸಂಜೆ ಮಗುವನ್ನು ಬಿಡಲು ಹೋದಾಗ ಅಕ್ಕನ ಅತ್ತೆ ಜಯಮ್ಮನವರು ಅವಳನ್ನು ಎತ್ತಿಕೊಂಡು ಫ್ರಾಕು ಮೂಸಿದರು. ಮುಖ ಬಾಡಿ ಬದನೆಕಾಯಿಯಾಗಿತ್ತು, ಮಗುವಿನದು.

“ಮಂಜಾ, ನಾನು ಕೆಟ್ಟವ್ಳು ಅನ್ಕೋಬೇಡಪ್ಪಾ” ಎಂದರು. “ಸೋಮವಾರ ಎಲ್ಲ ಮಗು ಸುಸ್ತಾಗಿ ಮಲಗ್ಬಿಡುತ್ತೆ. ಊಟ ಸೇರಲ್ಲ. ವಾರ ವಾರ ಯಾಕೀ ಹಿಂಸೆ? ಸ್ವಲ್ಪ ದೊಡ್ಡವಳಾದ್ಮೇಲೆ ಕರ್ಕೊಂಡು ಹೋಗುವಂತೆ. ಅಲ್ಲೀವರೆಗೂ ಬೀಗ್ರೇ ಇಲ್ಲಿಗೆ ಬರ್ಲಿ. ನಾನೇನ್ ಬೇಡ ಅಂತೀನಾ?”

“ಅಮ್ಮ ಬರಲ್ಲ ಅತ್ತೆ.”

“ಗೊತ್ತು” ಎಂದರು ಜಯಮ್ಮನವರು. ಗೋಡೆಯ ಮೇಲಿದ್ದ ಅಕ್ಕನ ಫೋಟೊದ ಕಡೆ ನೋಡದೆಯೇ ಹೇಳಿದರು. “ನಂಗೇ ಈ ಮನೇಲಿ ಇರಕ್ಕಾಗಲ್ಲ. ಏನ್ ಮಾಡಣ ಹೇಳು. ಮಗು ಮುಖ ನೋಡ್ಬೇಕಲ್ಲ. ಇನ್ನೊಂದ್ ವಾರ ನೋಡು. ಹಿಂಗೇ ಆದ್ರೆ ಬೇಡ.”

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಜಗಳ ಮಾಡಿ ಹಗುರವಾಗಬಹುದಿತ್ತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಹೇಳುವಾಗ ಎಂದಿನ ಹಾಗೆ ಕೋತಿಯಾಟ ಆಡಿದೆ. ಜಯಮ್ಮನವರು ಫ್ರಾಕು ಮೂಸಿದ್ದನ್ನು ಆಡಿ ತೋರಿಸಿದೆ. ಅಮ್ಮ ನಗಲಿಲ್ಲ. ಮುಂದಿನ ಭಾನುವಾರ ತಿನ್ನಿಸಲೆಂದು ತೆಗೆದಿಟ್ಟಿದ್ದ ಚಕ್ಕುಲಿ ಡಬ್ಬದ ಮುಚ್ಚಳ ಒತ್ತಿ ಒತ್ತಿ ಹಾಕಿದಳು. “ಊಟ ಮಾಡು” ಎಂದಳು.

ಅಮ್ಮ ಆ ಶನಿವಾರ ಅಕ್ಕಿ ರುಬ್ಬಲಿಲ್ಲ. ಭಾನುವಾರ ನಾನು ಹಲ್ಲುಜ್ಜಿಕೊಂಡು ಬರುವಷ್ಟರಲ್ಲಿ ಅಮ್ಮ ಹೊರಗೆ ಹೋಗುವ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

“ಎಲ್ಲಿಗಮ್ಮಾ?”

“ನಿನ್ ಜೊತೆ. ನೋಡೋಣ ಅದೇನು ಕರ್ಕೊಂಡು ಬರ್ತೀಯೋ.”

ಟೋಲ್‌ಗೇಟಿನಲ್ಲಿ ಬಸ್ಸು ಬಂತು. ಹೆಂಗಸರಿಗೆ ಬಸ್ಸು ಫ್ರೀ ಆದಾಗಿನಿಂದ ಮುಂದುಗಡೆ ಜಾತ್ರೆ, ಹಿಂದುಗಡೆ ನಮ್ಮಂಥ ಕಾಸು ಕೊಟ್ಟ ಅನಾಥರು. ಅಮ್ಮ ಮುಂದಿನ ಬಾಗಿಲಲ್ಲಿ ಹತ್ತಿದಳು, ನಾನು ಹಿಂದಿನದರಲ್ಲಿ. ಜನರ ತಲೆಗಳ ಮಧ್ಯೆ ಅವಳ ಮುಡಿ ಮಾತ್ರ ಕಾಣುತ್ತಿತ್ತು. ಕಾಮಾಕ್ಷಿಪಾಳ್ಯದಲ್ಲಿ ಅವಳ ಹಳೇ ಗಾರ್ಮೆಂಟ್ಸ್ ಬಂದಾಗಲೂ ಆ ಮುಡಿ ತಿರುಗಲಿಲ್ಲ.

ಹೇರೋಹಳ್ಳಿಯ ಮನೆಯ ಮುಂದೆ ಅಮ್ಮ ನಿಂತುಬಿಟ್ಟಳು. ಒಳಗಿನಿಂದ ಜಯಮ್ಮನವರು ಬಂದರು. “ಬನ್ನಿ ಬೀಗ್ರೇ” ಎನ್ನಲು ಹೋದವರು ಅರ್ಧಕ್ಕೇ ಬಿಟ್ಟರು. ಸೀದಾ ಹೊರಗೆ ಬಂದು ಅಮ್ಮನ ಕೈ ಹಿಡಿದುಕೊಂಡರು. ಇಬ್ಬರೂ ಹೊಸ್ತಿಲ ಈಚೆಯೇ ನಿಂತಿದ್ದರು. ನಾನು ಏನಾದರೂ ಒಂದು ಪೆದ್ದು ಜೋಕು ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಇಂಚರಳೇ ಓಡಿಬಂದು, “ಅಜ್ಜೀ, ನೀನ್ಯಾಕೆ ಬಂದೆ? ನಾನೇ ಬರ್ತಿದ್ನಲ್ಲ. ನಮ್ಮನೇಲಿ ನಿನ್ ದೋಸೆ ಕಲ್ಲಿಲ್ಲ” ಎಂದಳು. ಇಬ್ಬರು ಅಜ್ಜಿಯರೂ ಕಣ್ಣೊರೆಸಿಕೊಂಡರು. ಅಮ್ಮ ಒಳಗೆ ಹೋಗಲಿಲ್ಲ. ಅಂಗಳದಲ್ಲೇ ನೀರು ಕುಡಿದು ಮಗುವಿನ ಕೈ ಹಿಡಿದಳು.

ವಾಪಸಿನ ಬಸ್ಸಿನಲ್ಲೂ ಅಮ್ಮ ಮುಂದಿನ ಬಾಗಿಲು, ನಾನು ಹಿಂದಿನದು. ಇಂಚರ ಅವಳ ಜೊತೆ. ಹಿಂದಿನ ಚಕ್ರದ ಮೇಲಿನ ಸೀಟು ನನಗೆ ಸಿಕ್ಕಿತು. ಪ್ರತಿ ವಾರ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದ ಸೀಟು. ಇವತ್ತು ತೊಡೆ ಖಾಲಿ. ಕೆಲಸವಿಲ್ಲದೆ ಕೂತಾಗ ನೋಡಿದೆ: ಎದುರಿಗೆ ಬೆನ್ನುಗಳು, ಪಕ್ಕದಲ್ಲಿ ಒಬ್ಬನ ಕಂಕುಳು, ಕಿಟಕಿಯಲ್ಲಿ ಓರೆಯಾಗಿ ಓಡುವ ಅಂಗಡಿಗಳು. ಪ್ರತಿ ಹಳ್ಳಕ್ಕೂ ಬಸ್ಸು ನಮ್ಮನ್ನು ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಎತ್ತಿ ಹಾಕುತ್ತಿತ್ತು. ಸ್ಟಾಪುಗಳು ಇಲ್ಲಿಂದ ಎಲ್ಲಿ ಕಾಣಬೇಕು?

ಜನ ಸ್ವಲ್ಪ ಸರಿದಾಗ ಮುಂದುಗಡೆ ಕಂಡಿತು. ಅಮ್ಮ ಮೊದಲನೇ ಸೀಟಿನಲ್ಲಿ ಕಂಬದ ಹಾಗೆ ನೆಟ್ಟಗೆ ಕೂತಿದ್ದಳು. ತೊಡೆಯ ಮೇಲೆ ಇಂಚರ. ಎದುರಿಗೆ ದೊಡ್ಡ ಗಾಜು, ಗಾಜಿನ ತುಂಬ ರಸ್ತೆ. ಇಂಚರ ಬೆರಳು ತೋರಿಸಿ ಏನೋ ಕೂಗುತ್ತಿದ್ದಳು, ಸುತ್ತಲಿನ ಹೆಂಗಸರು ನಗುತ್ತಿದ್ದರು.

ನಾನೂ ಅಲ್ಲೇ ಕೂರುತ್ತಿದ್ದೆನಲ್ಲ! ಅಕ್ಕ ಹುಡುಗಿ, ಅವಳ ತೊಡೆಯ ಮೇಲಿದ್ದ ನಾನು ಚಿಕ್ಕವನು. ನನ್ನ ವಾಂತಿಯ ಕಾಲವೆಲ್ಲ ಲೇಡೀಸ್ ಸೀಟಿನಲ್ಲಿ, ಆ ಗಾಜಿನ ಮುಂದೆ ಕಳೆದಿತ್ತು. ಮೀಸೆ ಬಂದ ಮೇಲೆ ಹಿಂದಿನ ಬಾಗಿಲು ನನ್ನದಾಯಿತು. ಕವರು, ನಿಂಬೆಹಣ್ಣು, ಆಟ ಎಲ್ಲ ನೆನಪಿಟ್ಟುಕೊಂಡವನು ಸೀಟೊಂದನ್ನು ಮರೆತಿದ್ದೆ. ಇಷ್ಟು ಭಾನುವಾರ ಆ ಮಗುವನ್ನು ಹೊತ್ತುಕೊಂಡು ಬಂದು ಚಕ್ರದ ಮೇಲೆ ಕುಲುಕಿದ್ದೆ.

ಇದನ್ನು ಯೋಚಿಸುತ್ತಿರುವಾಗಲೇ ಬಾಯಲ್ಲಿ ನೀರು ಬಂತು. ದುಃಖಕ್ಕಿರಬೇಕು ಎಂದುಕೊಂಡೆ. ಅಲ್ಲ. ಸುಮನಹಳ್ಳಿವರೆಗೂ ತಡಿ ಎಂದುಕೊಂಡೆ. ಸುಮನಹಳ್ಳಿ ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಜೇಬಿನಿಂದ ಸಮೋಸ ತೆಗೆದು ಬಿಚ್ಚಿದೆ. ಪಕ್ಕದ ಕಂಕುಳಿನವನು “ಅಣ್ಣಾ, ಅಣ್ಣಾ, ಈ ಕಡೆ ಬೇಡ!” ಎಂದು ಕಿರುಚಿದ. ಇಷ್ಟು ವರ್ಷದ ಮೇಲೆ, ಗಡ್ಡ ಮೀಸೆ ಬಿಟ್ಟುಕೊಂಡು, ತುಂಬಿದ ಬಸ್ಸಿನಲ್ಲಿ. ಒಂದು ಸೀಟಿಗೆ ನಾಲ್ವರು ನಿಲ್ಲುತ್ತಿದ್ದ ಕಡೆ ನನ್ನ ಸುತ್ತ ಮೈದಾನವಾಯಿತು.

ಟೋಲ್‌ಗೇಟಿನಲ್ಲಿ ಗಂಟು ಹಾಕಿದ ಕವರು ಹಿಡಿದು ಇಳಿದೆ. ಇಂಚರ ಕೆಳಗೆ ನಿಂತಿದ್ದಳು. ಫ್ರಾಕು ಗರಿಗರಿ, ಮುಖ ಕೆಂಪು ಸೇಬು. ಕವರನ್ನು ನೋಡಿದಳು, ನನ್ನನ್ನು ನೋಡಿದಳು. ಸೊಂಟದ ಮೇಲೆ ಕೈಯಿಟ್ಟು, ಜಯಮ್ಮನವರ ದನಿಯಲ್ಲೇ ಅಮ್ಮನಿಗೆ ಹೇಳಿದಳು:

“ಅಜ್ಜೀ, ಮಾಮಂಗೆ ಯಾಕೀ ಹಿಂಸೆ? ದೊಡ್ಡವನಾದ್ಮೇಲೆ ಕರ್ಕೊಂಡು ಬರಣ.”

ಅಮ್ಮ ನಕ್ಕಳು. ಆ ಮಳೆಗಾಲದಿಂದೀಚೆಗೆ ನಾನು ಆಡಿದ ಯಾವ ಕೋತಿಯಾಟಕ್ಕೂ ನಗದವಳು ಸೆರಗು ಬಾಯಿಗೆ ಅಡ್ಡ ಹಿಡಿದು, ಕಂಬ ಹಿಡಿದುಕೊಂಡು ನಕ್ಕಳು. ನಗು ಯಾವಾಗ ಅಳುವಾಯಿತೋ ತಿಳಿಯಲಿಲ್ಲ.

ಅಲ್ಲಿಂದಲೇ ಫೋನು ಮಾಡಿದೆ. “ಅತ್ತೆ, ಮಗು ವಾಂತಿ ಮಾಡ್ಕೊಳ್ಳಲಿಲ್ಲ.”

“ನಿಜ ಹೇಳು ಮಂಜಾ.”

“ಆಣೆಗೂ ಇಲ್ಲ. ನಾನ್ ಮಾಡ್ಕೊಂಡೆ.”

ಆ ಕಡೆ ಜಯಮ್ಮನವರು ಮೂಗೊರೆಸಿಕೊಂಡದ್ದು ಕೇಳಿಸಿತು. “ಹಂಗಾದ್ರೆ ಬೀಗ್ರೇ ಬಂದು ಕರ್ಕೊಂಡು ಹೋಗ್ಲಪ್ಪ ವಾರ ವಾರ. ಬರ್ತಾರಾ ಕೇಳು.”

ಕೇಳಿದೆ. ಅಮ್ಮ ಮಗುವನ್ನು ಎತ್ತಿಕೊಂಡು ಮನೆಯ ಕಡೆ ನಡೆದಳು. ದೋಸೆ ಇರಲಿಲ್ಲವಲ್ಲ, ಅವತ್ತು ಉಪ್ಪಿಟ್ಟು. ಮಧ್ಯಾಹ್ನ ಇಂಚರ ಮಲಗಿದ ಮೇಲೆ ಅಮ್ಮ ಹರವಿದ ಕವರುಗಳನ್ನು ಮಡಚುತ್ತಾ ಕೂತಳು. ಅದೇ ಸಮೋಸ ಮಡಿಕೆ.

“ಇದನ್ನ ನಿಂಗೆ ಅಕ್ಕ ಹೇಳ್ಕೊಟ್ಳಾ?” ಎಂದೆ.

“ಅವಳಿಗೆ ಹೇಳ್ಕೊಟ್ಟಿದ್ದೇ ನಾನು. ಚಿಕ್ಕವಳಾಗಿದ್ದಾಗ ನಿನಗಿಂತ ಜಾಸ್ತಿ ಮಾಡ್ಕೊಳ್ತಿದ್ಳು. ತೊಡೆ ಮೇಲೆ ಕೂರಿಸ್ಕೊಂಡು ಸ್ಟಾಪ್ ಕೇಳ್ತಿದ್ದೆ. ದೊಡ್ಡವಳಾದ್ರೂ ಹೋಗ್ಲಿಲ್ಲ ಅವಳಿಗೆ.”

“ಅಕ್ಕಂಗಾ? ನನ್ ಜೊತೆ ಬಂದಾಗ ಒಂದ್ ದಿನಾನೂ ಮಾಡ್ಕೊಂಡಿಲ್ವಲ್ಲಮ್ಮ.”

“ನಿನ್ನ ಊರಿಗೆ ಬಿಟ್ಟು ಒಬ್ಳೇ ವಾಪಸ್ ಬರ್ತಿದ್ಳಲ್ಲ, ಆಗ ಮಾಡ್ಕೊಳ್ತಿದ್ಳು. ಮನೆಗೆ ಬಂದು ಮಲಗ್ಬಿಡೋಳು. ನೀನಿದ್ದಾಗ ಹೆಂಗೆ ತಡ್ಕೊಳ್ತಿದ್ಳೋ. ಪುಟ್ಟಂಗೆ ಹೇಳ್ಬೇಡ, ಹೆದರ್ಕೊಳ್ತಾನೆ ಅಂದಿದ್ಳು.”

ಪುಟ್ಟ ಎಂದರೆ ನಾನು. ಆ ಪುಟ್ಟ ಅವಳನ್ನು ಜಿಪುಣಿ ಎನ್ನುತ್ತಿದ್ದ. ನಾನು ಒಂದು ಕವರು ತೆಗೆದುಕೊಂಡು ಊದಿ, ತೂತಿದೆಯೇ ಎಂದು ನೋಡಿದೆ.

ಸಂಜೆ ಇಂಚರಳನ್ನು ಬಿಡಲು ಹೊರಟಾಗ ಅಮ್ಮ ಮತ್ತೆ ಅದೇ ಸೀರೆ ಉಟ್ಟಳು. ಜಯಮ್ಮನವರಿಗೆ ಉತ್ತರ ಸಿಕ್ಕಿತೆಂದುಕೊಂಡೆ. ಟೋಲ್‌ಗೇಟಿನ ಸ್ಟಾಪಿನಲ್ಲಿ ಬಸ್ಸು ದೂರದಲ್ಲಿ ಕಂಡಿತು. ಅಮ್ಮ ಸೆರಗಿನ ತುದಿಯ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದಳು. ಉಗುರಿನಿಂದ ಸಿಪ್ಪೆ ಗೀರಿ, ಕಣ್ಣು ಮುಚ್ಚಿಕೊಂಡು, ನಿಧಾನಕ್ಕೆ, ಮೊದಲು ತಾನು ಮೂಸಿದಳು.

“ನಂಗೆ ಕೊಡಜ್ಜೀ” ಎಂದು ಇಂಚರ ಕೈ ಚಾಚಿದಳು.

“ತಡಿ ಪುಟ್ಟಾ” ಎಂದಳು ಅಮ್ಮ. ಇನ್ನೊಮ್ಮೆ ಮೂಸಿ, ಮಗುವಿನ ಕೈಗೆ ಕೊಟ್ಟು, ಅವಳನ್ನು ಎತ್ತಿಕೊಂಡು ಮುಂದಿನ ಬಾಗಿಲಿನಲ್ಲಿ ಹತ್ತಿದಳು. ನಾನು ಜೇಬು ಮುಟ್ಟಿ ನೋಡಿಕೊಂಡು ಹಿಂದಿನ ಬಾಗಿಲಿಗೆ ಓಡಿದೆ.